ಹೊಟ್ಟೆನೋವಿನ ಹಿಂದೆಯೇ ಬರುವ ಸಕ್ಕರೆ ಕಾಯಿಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದವ ನಾನು. ವೈದ್ಯನಲ್ಲ. ನನ್ನ ಅಣ್ಣ ಮೇದೋಜೀರಕ ಗ್ರಂಥಿಯಲ್ಲಿ (ಪ್ಯಾಂಕ್ರಿಯಾಸ್) ಕಲ್ಲು ಬೆಳೆದು ಬರುವ ಒಂದು ಬಗೆಯ ಸಕ್ಕರೆ ಕಾಯಿಲೆಯಿಂದ ತೀರಿಕೊಂಡ. ಅವನಿಗೆ ಏನಾಗಿತ್ತು ಎಂದು ಅರ್ಥ ಮಾಡಿಕೊಳ್ಳಲು ಹೊರಟು ಓದಿದ್ದು, ವೈದ್ಯರಲ್ಲಿ ಕೇಳಿ ತಿಳಿದದ್ದು, ಊರಿನವರು ನನ್ನಲ್ಲಿ ಕೇಳಿದ್ದು ಎಲ್ಲ ಸೇರಿ ಈ ಪುಟವಾಗಿದೆ. ಕಾಸರಗೋಡಿನಲ್ಲಿ ಸಕ್ಕರೆ ಕಾಯಿಲೆಯ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ಸಿಗುತ್ತವೆ. ಮಂಗಳೂರಿನಿಂದ ಬರುವ ಕನ್ನಡದ ಕರಪತ್ರಗಳಲ್ಲಿ ಈ ಬಗೆಯ ಸಕ್ಕರೆಯ ಸುದ್ದಿಯೇ ಇರುವುದಿಲ್ಲ. ನಮ್ಮ ಭಾಷೆಯಲ್ಲಿ ಒಂದೆಡೆ ಬರೆದಿಡಬೇಕು ಅನಿಸಿತು.

ಮೇದೋಜೀರಕ ಗ್ರಂಥಿ ಎಂದರೆ ಎಂತದ್ದು? ಎಲ್ಲಿ ಉಂಟು?

ಜಠರದ ಹಿಂದೆ, ಬೆನ್ನೆಲುಬಿಗೆ ಒರಗಿದಂತೆ ಅಡ್ಡಲಾಗಿ ಮಲಗಿದೆ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ ನೂರು ಗ್ರಾಮಿನ ಆಸುಪಾಸು. ಅಷ್ಟು ಆಳದಲ್ಲಿ ಇರುವುದರಿಂದಲೇ ಅದರ ನೋವು ಬೆನ್ನಿಗೂ ಹೊಡೆಯುತ್ತದೆ. ರೋಗಿ ಮುಂದಕ್ಕೆ ಬಗ್ಗಿ, ಮೊಣಕಾಲು ತಬ್ಬಿ ಕೂತರೆ ಸ್ವಲ್ಪ ಹಗುರವಾಗುತ್ತದೆ. ಈ ಭಂಗಿಯನ್ನು ನೆನಪಿಡಿ.

ಈ ಒಂದು ಗ್ರಂಥಿಯೊಳಗೆ ಎರಡು ಕಸುಬು ನಡೆಯುತ್ತವೆ. ಬಹುಭಾಗದ ಕೆಲಸ ಜೀರ್ಣರಸ ತಯಾರಿಸುವುದು. ದಿನಕ್ಕೆ ಒಂದೂವರೆ ಲೀಟರಿನಷ್ಟು ರಸ ಒಂದು ನಾಳದ ಮೂಲಕ ಸಣ್ಣ ಕರುಳಿಗೆ ಇಳಿಯುತ್ತದೆ. ಕೊಬ್ಬು, ಪ್ರೋಟೀನು, ಪಿಷ್ಟ ಮೂರನ್ನೂ ಒಡೆಯುವ ಕಿಣ್ವಗಳು ಅದರಲ್ಲಿವೆ. ಇನ್ನೊಂದು ಕಸುಬು ರಕ್ತಕ್ಕೆ ಹಾರ್ಮೋನು ಬಿಡುವುದು. ಅದಕ್ಕೆಂದೇ ಇರುವ ಕಣಗುಂಪುಗಳು ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ, ಆದರೆ ಸಂಖ್ಯೆಯಲ್ಲಿ ಹತ್ತು ಲಕ್ಷದಷ್ಟಿವೆ. ಗದ್ದೆಯ ನಡುವೆ ಅಲ್ಲಲ್ಲಿ ಎದ್ದ ದಿಬ್ಬಗಳಂತೆ ಅವು ಜೀರ್ಣರಸದ ಜೀವಕೋಶಗಳ ಮಧ್ಯೆ ಚದುರಿವೆ. 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹಾನ್ಸ್ ತನ್ನ ಪ್ರೌಢಪ್ರಬಂಧದಲ್ಲಿ ಅವನ್ನು ಮೊದಲು ವರ್ಣಿಸಿದ. ಅವು ಏನು ಮಾಡುತ್ತವೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಇಂದು ಅವಕ್ಕೆ ಅವನದೇ ಹೆಸರು: ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳು. ಅಲ್ಲಿನ ಬೀಟಾ ಕಣಗಳು ಇನ್ಸುಲಿನ್ ಮಾಡುತ್ತವೆ, ಆಲ್ಫಾ ಕಣಗಳು ಗ್ಲುಕಗಾನ್ ಮಾಡುತ್ತವೆ. ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಗ್ಲುಕಗಾನ್ ಏರಿಸುತ್ತದೆ.

ಡಾಕ್ಟರು ‘ಆಗ್ನೇಯ ಗ್ರಂಥಿ’ ಅಂದರು. ಅದು ಬೇರೆಯಾ?

ಅಲ್ಲ, ಅದೇ. ಮಲಯಾಳದಲ್ಲಿ ಮೇದೋಜೀರಕಕ್ಕೆ ಆಗ್ನೇಯ ಗ್ರಂಥಿ ಎನ್ನುತ್ತಾರೆ. ಹೊಟ್ಟೆಯ ಅಗ್ನಿಯನ್ನು ನೋಡಿಕೊಳ್ಳುವ ಗ್ರಂಥಿ ಎಂಬ ಅರ್ಥದಲ್ಲಿ ನನಗೆ ಆ ಹೆಸರು ಬಹಳ ಇಷ್ಟ. ಹಾಗೆಯೇ ನಮ್ಮ ಮಧುಮೇಹ ಅವರಿಗೆ ‘ಪ್ರಮೇಹಂ’. ಮಾತಿನಲ್ಲಿ ಇಬ್ಬರಿಗೂ ಶುಗರ್.

ಸಕ್ಕರೆ ಕಾಯಿಲೆಗೂ ಈ ಗ್ರಂಥಿಗೂ ಸಂಬಂಧ ಉಂಟೆಂದು ತಿಳಿದದ್ದು ಹೇಗೆ?

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಓಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೆರಿಂಗ್ ಒಂದು ನಾಯಿಯ ಮೇದೋಜೀರಕವನ್ನು ಪೂರ್ತಿ ತೆಗೆದರು. ಜೀರ್ಣಕ್ರಿಯೆ ನೋಡುವುದು ಉದ್ದೇಶವಾಗಿತ್ತು. ನಾಯಿಗೆ ಬಂದದ್ದು ತೀವ್ರ ಸಕ್ಕರೆ ಕಾಯಿಲೆ. ಗ್ರಂಥಿಯಲ್ಲಿ ಸಕ್ಕರೆಯನ್ನು ಹಿಡಿದಿಡುವ ಏನೋ ಇದೆ ಎಂಬುದು ಅಂದಿಗೆ ಖಚಿತವಾಯಿತು. 1901ರಲ್ಲಿ ಅಮೆರಿಕದ ಯೂಜೀನ್ ಓಪಿ, ಸಕ್ಕರೆಯಿಂದ ಸತ್ತವರ ಕಿರುದ್ವೀಪಗಳು ಹಾಳಾಗಿರುವುದನ್ನು ತೋರಿಸಿದರು.

ಗ್ರಂಥಿಯನ್ನು ಅರೆದು ರಸ ತೆಗೆದು ಕೊಟ್ಟರೆ ರೋಗ ವಾಸಿಯಾಗಬೇಕಲ್ಲ? ಹಲವರು ಪ್ರಯತ್ನಿಸಿದರು, ಕೈಗೂಡಲಿಲ್ಲ. ಅರೆಯುವಾಗ ಜೀರ್ಣಕಿಣ್ವಗಳು ಹಾರ್ಮೋನನ್ನೇ ತಿಂದುಹಾಕುತ್ತವೆ ಎಂದು ಅಂದಿನವರು ಶಂಕಿಸಿದರು.

ಇನ್ನು ಹೇಳುವ ಸಂಗತಿಯನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. 1920ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಮೋಸೆಸ್ ಬ್ಯಾರನ್ ಒಂದು ಲೇಖನ ಪ್ರಕಟಿಸಿದರು. ಮರಣೋತ್ತರ ಪರೀಕ್ಷೆಯೊಂದರಲ್ಲಿ ಅವರಿಗೆ ಮೇದೋಜೀರಕದ ಮುಖ್ಯ ನಾಳವನ್ನು ಪೂರ್ತಿ ಮುಚ್ಚಿದ ಒಂದು ಕಲ್ಲು ಸಿಕ್ಕಿತ್ತು. ಜೀರ್ಣರಸದ ಭಾಗವೆಲ್ಲ ಸೊರಗಿ ಹೋಗಿತ್ತು, ಕಿರುದ್ವೀಪಗಳು ಮಾತ್ರ ಹೆಚ್ಚಿನವು ಉಳಿದುಕೊಂಡಿದ್ದವು. ಆ ಲೇಖನವನ್ನು ಅಕ್ಟೋಬರ್ ಕೊನೆಯಲ್ಲಿ ಒಂದು ರಾತ್ರಿ ಕೆನಡಾದ ಯುವ ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಮರುದಿನದ ಪಾಠಕ್ಕೆ ತಯಾರಾಗುತ್ತ ಓದಿದರು. ಅವರಿಗೆ ನಿದ್ದೆ ಬರಲಿಲ್ಲ. ಕಲ್ಲು ಮಾಡಿದ್ದನ್ನು ನಾವು ದಾರ ಕಟ್ಟಿ ಮಾಡಿದರೆ? ನಾಯಿಯ ನಾಳವನ್ನು ಬಿಗಿದು, ಜೀರ್ಣರಸದ ಭಾಗ ಸಾಯುವವರೆಗೆ ಕಾದು, ಉಳಿದ ದ್ವೀಪಗಳಿಂದ ರಸ ತೆಗೆದರೆ? ಎದ್ದು ಟಿಪ್ಪಣಿ ಬರೆದಿಟ್ಟರು.

1921ರ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಪ್ರಾಧ್ಯಾಪಕ ಮ್ಯಾಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ಬ್ಯಾಂಟಿಂಗ್ ಮತ್ತು ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್ ಕೆಲಸ ಶುರುಮಾಡಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಅಶುದ್ಧವಾಗಿತ್ತು. ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ ಇನ್ಸುಲಿನ್ನನ್ನು ಜನವರಿ 23ರಂದು ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್‌ಗೆ ನೊಬೆಲ್ ಬಂತು. ಬ್ಯಾಂಟಿಂಗ್ ಬೆಸ್ಟ್ ಜೊತೆ, ಮ್ಯಾಕ್ಲಿಯಡ್ ಕಾಲಿಪ್ ಜೊತೆ ಹಣ ಹಂಚಿಕೊಂಡರು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಈಗ ವಿಶ್ವ ಮಧುಮೇಹ ದಿನ. ನಮ್ಮ ಶಾಲೆಗಳಲ್ಲಿ ಅದು ಮಕ್ಕಳ ದಿನವೂ ಹೌದು.

ನಾಳ ಕಟ್ಟುವ ಅಗತ್ಯವೇ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ದನದ ಗ್ರಂಥಿಯನ್ನು ಆಮ್ಲ ಬೆರೆಸಿದ ಮದ್ಯಸಾರದಲ್ಲಿ ಹಾಕಿದರೂ ಇನ್ಸುಲಿನ್ ಬರುತ್ತಿತ್ತು. ಆದರೂ ಹೊಳಹು ಕೊಟ್ಟದ್ದು ಒಂದು ಕಲ್ಲು. ಅಂಥದೇ ಕಲ್ಲುಗಳು ನಮ್ಮ ಈ ರಾಜ್ಯದಲ್ಲಿ ನೂರಾರು ಮಕ್ಕಳ ಹೊಟ್ಟೆಯಲ್ಲಿ ಬೆಳೆಯುತ್ತಿದ್ದವು.

ಕೇರಳದಲ್ಲಿ ಅದನ್ನು ಯಾರು ಕಂಡರು?

ಡಾ. ಪಿ. ಜೆ. ಗೀವರ್ಗೀಸ್. ಅವರಿಗೂ ಮೊದಲು ಭಾರತದಲ್ಲಿ ಮೇದೋಜೀರಕದ ಕಲ್ಲಿನ ಬಗ್ಗೆ ಬಿಡಿ ವರದಿಗಳಿದ್ದವು. ಇಂಡೋನೇಷ್ಯಾದಿಂದ 1959ರಲ್ಲಿ ಜುಯ್ಡೆಮಾ ಎಂಬ ವೈದ್ಯರು ಬಡ ರೋಗಿಗಳಲ್ಲಿ ಇಂಥದ್ದನ್ನು ವರ್ಣಿಸಿದ್ದರು. ಆದರೆ ಕೇರಳದ ರೋಗಿಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ದಾಖಲಿಸಿ, ಇದೊಂದು ಪ್ರತ್ಯೇಕ ರೋಗ ಎಂದು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರು ಗೀವರ್ಗೀಸ್. ಅವರು ಕಲೆಹಾಕಿದ್ದು ಜಗತ್ತಿನಲ್ಲೇ ಈ ರೋಗದ ಅತಿದೊಡ್ಡ ರೋಗಿಸಮೂಹಗಳಲ್ಲಿ ಒಂದು. 1968ರಲ್ಲಿ ಅವರ ವೈದ್ಯಕೀಯ ಗ್ರಂಥ ಮುಂಬಯಿಯಲ್ಲಿ ಅಚ್ಚಾಯಿತು.

ಅವರು ಕಂಡ ರೋಗಿಗಳು ಸಪೂರದ ಬಡ ಯುವಕ ಯುವತಿಯರು. ಕುಡಿತದ ಸುಳಿವಿಲ್ಲ. ರೋಗದ ನಡೆಯನ್ನು ಅವರು ಮೂರೇ ಹಂತಗಳಲ್ಲಿ ಹೇಳಿದ್ದಾರೆ: ಬಾಲ್ಯದಲ್ಲಿ ಹೊಟ್ಟೆನೋವು, ಹದಿಹರೆಯದಲ್ಲಿ ಸಕ್ಕರೆ, ತುಂಬು ಯೌವನದಲ್ಲಿ ಸಾವು. ಇದನ್ನು ಮೊದಲ ಸಲ ಓದಿದ ದಿನ ನಾನು ಊಟ ಮಾಡಲಿಲ್ಲ. ನನ್ನ ಅಣ್ಣನ ಜಾತಕವನ್ನು ಯಾರೋ ಮೊದಲೇ ಬರೆದಿಟ್ಟಂತೆ ಇತ್ತು.

ಕಾಯಿಲೆಗೆ ಈಗ ಇರುವ ಉದ್ದ ಹೆಸರು ‘ಫೈಬ್ರೋಕ್ಯಾಲ್ಕ್ಯುಲಸ್ ಪ್ಯಾಂಕ್ರಿಯಾಟಿಕ್ ಡಯಾಬಿಟಿಸ್’. ನಾರುಗಟ್ಟಿ, ಕಲ್ಲಾಗಿ, ಸಕ್ಕರೆಗೆ ತಿರುಗಿದ ಮೇದೋಜೀರಕ ಎಂದು ಅರ್ಥ. ಇಲ್ಲಿ ನಾನು ‘ಕಲ್ಲಿನ ಸಕ್ಕರೆ’ ಎಂದೇ ಬರೆಯುತ್ತೇನೆ.

ನಿಮ್ಮ ಅಣ್ಣನಿಗೆ ಏನಾಯಿತು?

ಕೇಳುವವರು ಸಂಕೋಚದಿಂದ ಕೇಳುತ್ತಾರೆ. ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಯಾಕೆಂದರೆ ಇದರಿಂದ ಒಬ್ಬರಿಗಾದರೂ ಬೇಗ ಗೊತ್ತಾಗಬಹುದು.

1968ರಲ್ಲಿ, ಆ ಗ್ರಂಥ ಬಂದ ವರ್ಷವೇ, ಅಣ್ಣನಿಗೆ ಹನ್ನೊಂದು ವಯಸ್ಸು. ಊಟವಾಗಿ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಅಡಿಕೆ ಅಂಗಳದ ಮೂಲೆಯಲ್ಲಿ ಬಗ್ಗಿ ಕೂರುತ್ತಿದ್ದ. ಹುಳದ ಮದ್ದು ಕೊಟ್ಟರು. ಕಷಾಯ ಕೊಟ್ಟರು. ದೃಷ್ಟಿ ತೆಗೆದರು, ನೂಲು ಕಟ್ಟಿಸಿದರು. ನೋವು ತಿಂಗಳುಗಟ್ಟಲೆ ಮಾಯವಾಗಿ ಮತ್ತೆ ಬರುತ್ತಿತ್ತು, ಮಾಯವಾದಾಗಲೆಲ್ಲ ಕೊನೆಯ ಮದ್ದಿಗೆ ಹೆಸರು ಬರುತ್ತಿತ್ತು. ಶಾಲೆ ತಪ್ಪಿಸಲು ನಾಟಕ ಎಂದು ಅಪ್ಪ ಒಂದು ದಿನ ಹೊಡೆದರು. ಅಪ್ಪ ಅದನ್ನು ಸಾಯುವವರೆಗೂ ಮರೆಯಲಿಲ್ಲ.

ಹತ್ತೊಂಬತ್ತರಲ್ಲಿ ಬಾಯಾರಿಕೆ, ರಾತ್ರಿಯಿಡೀ ಮೂತ್ರ. ಮೂಳೆ ಕಾಣುವಷ್ಟು ಇಳಿದ. ಸಕ್ಕರೆ ಎಂದು ಗೊತ್ತಾಯಿತು, ಇನ್ಸುಲಿನ್ ಶುರುವಾಯಿತು. ಹೊಟ್ಟೆನೋವಿನ ಕಥೆಯನ್ನು ಅಮ್ಮ ಹೇಳಿದರೂ ಆ ಆಸ್ಪತ್ರೆಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ. ನಾಲ್ಕು ವರ್ಷದ ಮೇಲೆ ಬೇರೆ ಊರಿನಲ್ಲಿ ಒಬ್ಬ ಹಿರಿಯ ವೈದ್ಯರು ಹೊಟ್ಟೆಯ ಸಾದಾ ಎಕ್ಸ್‌ರೇ ತೆಗೆಸಿದರು. ಬೆನ್ನೆಲುಬಿನ ಎರಡೂ ಬದಿಗೆ ಬಿಳಿ ಕಲ್ಲುಗಳು, ಪುನರ್ಪುಳಿಯ ಬೀಜದಷ್ಟು ದೊಡ್ಡವು, ಸಾಲಾಗಿ. ಹನ್ನೆರಡು ವರ್ಷದ ನೋವಿಗೆ ಅಂದು ಒಂದು ಹೆಸರು ಸಿಕ್ಕಿತು. ಅಣ್ಣ ಆ ಫಿಲ್ಮನ್ನು ಮನೆಗೆ ತಂದು, ಕಿಟಕಿಯ ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದ.

38ನೇ ವಯಸ್ಸಿನಲ್ಲಿ, 1995ರಲ್ಲಿ ತೀರಿಕೊಂಡ. ಅವನಿಗೆ ಜೀರ್ಣಕಿಣ್ವದ ಕ್ಯಾಪ್ಸೂಲು ಎಂದೂ ಸಿಗಲಿಲ್ಲ. ಸಿಗುತ್ತದೆ ಎಂಬುದೂ ನಮಗೆ ಗೊತ್ತಿರಲಿಲ್ಲ.

ನಮ್ಮ ಮಗ ಸಪೂರ. ಆದರೂ ಶುಗರ್ ಉಂಟು. ಅದು ಹೇಗೆ?

ಸಕ್ಕರೆ ಒಂದೇ ರೋಗವಲ್ಲ. ಈ ಪುಟದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು.

ಊರಲ್ಲಿ ಹೆಚ್ಚಿನವರಿಗೆ ಇರುವುದು ಎರಡನೇ ಬಗೆ: ನಡುವಯಸ್ಸು, ಹೊಟ್ಟೆಯ ಬೊಜ್ಜು, ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಒಂದನೇ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕಣಗಳನ್ನು ಕೊಲ್ಲುತ್ತದೆ. ಅದು ಹೆಚ್ಚಾಗಿ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಬರುತ್ತದೆ. ಇನ್ಸುಲಿನ್ ತಪ್ಪಿದರೆ, ಮೈಯ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಏರಿ ಜೀವಕ್ಕೇ ಅಪಾಯ. ಕಲ್ಲಿನ ಸಕ್ಕರೆಯಲ್ಲಿ ಗ್ರಂಥಿ ಒಟ್ಟಾರೆ ಹಾಳಾಗುತ್ತ ಬರುತ್ತದೆ. ಮೊದಲು ಜೀರ್ಣರಸದ ಭಾಗ, ನಿಧಾನವಾಗಿ ಕಿರುದ್ವೀಪಗಳು. ಹೆಚ್ಚಿನವರಿಗೆ ಇನ್ಸುಲಿನ್ ಬೇಕೇ ಬೇಕು, ಆದರೆ ಸಕ್ಕರೆ ಬಹಳ ಏರಿದರೂ ಕೀಟೋನಿನ ವಿಪತ್ತು ಅಪರೂಪ. ವೈದ್ಯರನ್ನು ಬಹಳ ಕಾಲ ಕಾಡಿದ ಒಗಟು ಇದು. ಅಲ್ಪಸ್ವಲ್ಪ ಇನ್ಸುಲಿನ್ ಉಳಿದಿರುವುದು, ಆಲ್ಫಾ ಕಣಗಳೂ ಸತ್ತು ಗ್ಲುಕಗಾನ್ ತಗ್ಗಿರುವುದು, ಕರಗಿಸಲು ಮೈಯಲ್ಲಿ ಕೊಬ್ಬೇ ಇಲ್ಲದಿರುವುದು ಇದಕ್ಕೆ ಕೊಡುವ ವಿವರಣೆಗಳು.

ಮಗನಿಗೆ ಹಿಂದೆ ಹೊಟ್ಟೆನೋವು ಬರುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಬರುತ್ತಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿ.

ಮರಗೆಣಸು ತಿಂದರೆ ಬರುತ್ತದೆಯೇ?

ನಮ್ಮಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸಂದೇಹಕ್ಕೆ ಕಾರಣವಿತ್ತು. ಮರಗೆಣಸಿನಲ್ಲಿ ಲಿನಮರಿನ್ ಎಂಬ ಅಂಶವಿದೆ, ಅದರಿಂದ ಸಯನೈಡ್ ಹೊರಬರುತ್ತದೆ. ಅದನ್ನು ನಿರ್ವಿಷಗೊಳಿಸಲು ದೇಹಕ್ಕೆ ಗಂಧಕ ಇರುವ ಅಮೈನೋ ಆಮ್ಲಗಳು ಬೇಕು, ಅವು ಮೀನು, ಮೊಟ್ಟೆ, ಬೇಳೆಯಿಂದ ಬರಬೇಕು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ತಿರುವಾಂಕೂರಿನ ಬಡವರು ಮರಗೆಣಸನ್ನೇ ನೆಚ್ಚಿದರು. ರೋಗ ಹೆಚ್ಚು ಕಂಡದ್ದೂ ಅದೇ ಸೀಮೆಯಲ್ಲಿ. 1979ರಲ್ಲಿ ಸಂಶೋಧಕ ಮ್ಯಾಕ್‌ಮಿಲನ್ ಮತ್ತು ಗೀವರ್ಗೀಸ್ ಇವೆಲ್ಲವನ್ನೂ ಜೋಡಿಸಿ, ಪೌಷ್ಟಿಕತೆ ಇಲ್ಲದವರಲ್ಲಿ ಮರಗೆಣಸಿನ ಸಯನೈಡ್ ಮೇದೋಜೀರಕವನ್ನು ಕೆಡಿಸಬಹುದು ಎಂಬ ಊಹೆ ಮುಂದಿಟ್ಟರು.

ಊಹೆ ನಿಲ್ಲಲಿಲ್ಲ. ಮರಗೆಣಸನ್ನು ಮುಟ್ಟದ ಉತ್ತರ ಭಾರತದಲ್ಲೂ ಇದೇ ರೋಗ ಕಂಡಿತು. ಮರಗೆಣಸನ್ನೇ ದಿನವೂ ಉಣ್ಣುವ ಆಫ್ರಿಕಾದ ಹಲವು ಕಡೆ ಇದು ಅಪರೂಪ. ಸ್ವಂತ ಊಹೆಯನ್ನು ಪರೀಕ್ಷೆಗೆ ಒಡ್ಡುವುದೇ ಸಂಶೋಧನೆ. ಗೀವರ್ಗೀಸ್ ಅವರ ಮೇಲಿನ ನನ್ನ ಗೌರವ ಇದರಿಂದ ಕಡಿಮೆಯಾಗಿಲ್ಲ.

ಮನೆಯಲ್ಲಿ ಮರಗೆಣಸು ಮಾಡುವಾಗ ಸಿಪ್ಪೆ ತೆಗೆದು, ಹೆಚ್ಚಿ, ತುಂಬಾ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದೂ ಅದನ್ನೇ. ಜೊತೆಗೆ ಬೂತಾಯಿ ಮೀನೋ ತೊಗರಿಯೋ ಇರಲಿ. ಸಕ್ಕರೆ ಇರುವವರು ಅದನ್ನು ಅನ್ನದ ಲೆಕ್ಕಕ್ಕೆ ಸೇರಿಸಬೇಕು, ತರಕಾರಿಯ ಲೆಕ್ಕಕ್ಕಲ್ಲ.

ಹಾಗಾದರೆ ಕಾರಣ ಎಂತ? ಮಕ್ಕಳಿಗೂ ಬರುತ್ತದಾ?

ವಂಶವಾಹಿಗೆ ಪಾಲಿದೆ. ಮೇದೋಜೀರಕದಲ್ಲಿ ತಯಾರಾಗುವ ಟ್ರಿಪ್ಸಿನ್ ಕಿಣ್ವ ಕರುಳು ತಲುಪುವವರೆಗೆ ಮಲಗಿರಬೇಕು. ಒಳಗೇ ಎಚ್ಚರವಾದರೆ ಗ್ರಂಥಿಯನ್ನೇ ಜೀರ್ಣಿಸುತ್ತದೆ. ಹಾಗಾಗದಂತೆ ತಡೆಯುವ ಪ್ರೋಟೀನನ್ನು ರೂಪಿಸುವ ವಂಶವಾಹಿ ಸ್ಪಿಂಕ್1. ಇದರಲ್ಲಿನ ಬದಲಾವಣೆಗಳಿಗೂ ಈ ರೋಗಕ್ಕೂ ನಂಟಿದೆ ಎಂದು 2002ರಲ್ಲಿ ಹೈದರಾಬಾದಿನ ಸಂಶೋಧಕರು ತೋರಿಸಿದರು. ಅದರಲ್ಲಿ ಮುಖ್ಯವಾದದ್ದು ಎನ್34ಎಸ್ ಎಂಬ ಬದಲಾವಣೆ. ಆದರೆ ಅದನ್ನು ಹೊತ್ತ ಎಲ್ಲರಿಗೂ ರೋಗ ಬರುವುದಿಲ್ಲ, ಹೊರದವರಿಗೂ ಬರುವುದುಂಟು. ಅಣ್ಣನ ನಂತರ ಹುಟ್ಟಿದ ನಾವು ಮೂವರಿಗೂ ಬಂದಿಲ್ಲ. ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದ ಮಕ್ಕಳ ಹೊಟ್ಟೆನೋವನ್ನು ಹಗುರವಾಗಿ ಕಾಣಬೇಡಿ.

ಕುಡಿತದಿಂದಲೂ ಮೇದೋಜೀರಕ ಕಲ್ಲಾಗುತ್ತದೆ, ಅದು ಬೇರೆ ದಾರಿ. ಅಲ್ಲಿ ಕಲ್ಲುಗಳು ಸಾಮಾನ್ಯವಾಗಿ ಸಣ್ಣ ಚುಕ್ಕೆಗಳಂತಿರುತ್ತವೆ, ಇಲ್ಲಿ ದೊಡ್ಡ ನಾಳದೊಳಗೆ ದಪ್ಪ ಕಲ್ಲುಗಳು. ಮೇದೋಜೀರಕ ಕೆಟ್ಟಿದೆ ಎಂದ ಕೂಡಲೇ ಹುಡುಗ ಕುಡಿಯುತ್ತಿದ್ದ ಎಂದು ನೆಂಟರು ಪಿಸುಗುಟ್ಟುವುದನ್ನು ಕೇಳಿದ್ದೇನೆ. ಅನ್ಯಾಯದ ಮಾತು ಅದು.

ಈ ರೋಗ ಈಗಲೂ ಉಂಟಾ?

ಉಂಟು, ಆದರೆ ಕಡಿಮೆಯಾಗಿದೆ, ಚಹರೆಯೂ ಬದಲಾಗಿದೆ. 1980ರ ದಶಕದಲ್ಲಿ ಕೊಲ್ಲಂ ಜಿಲ್ಲೆಯ ಸಮೀಕ್ಷೆಯೊಂದರಲ್ಲಿ ಸುಮಾರು ಸಾವಿರಕ್ಕೊಬ್ಬರಲ್ಲಿ ಕಂಡಿತ್ತು. ಈಗಿನ ರೋಗಿಗಳಲ್ಲಿ ರೋಗ ತಡವಾಗಿ, ಸೌಮ್ಯವಾಗಿ ಬರುತ್ತದೆ. ಅಷ್ಟು ಸಪೂರವಿಲ್ಲದವರಲ್ಲೂ ಸಿಗುತ್ತದೆ. ಗೀವರ್ಗೀಸ್ ಕಂಡ ಆ ಮೂರನೇ ಹಂತ ಈಗ ವಿಧಿಯಲ್ಲ. ಚಿಕಿತ್ಸೆ ಪಡೆದವರು ದುಡಿದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಾಣುತ್ತಿದ್ದಾರೆ.

ಯಾವ ಪರೀಕ್ಷೆ ಮಾಡಿಸಬೇಕು?

ಸಕ್ಕರೆಗೆ ಎಲ್ಲರಿಗೂ ಮಾಡುವ ಪರೀಕ್ಷೆಗಳೇ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಮೇಲೆ, ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಮೇಲೆ ಇದ್ದರೆ ಮಧುಮೇಹ.

ಮೇದೋಜೀರಕಕ್ಕೆ ಹೊಟ್ಟೆಯ ಎಕ್ಸ್‌ರೇ, ಸ್ಕ್ಯಾನಿಂಗ್, ಬೇಕಾದರೆ ಸಿಟಿ. ಕಲ್ಲು ಸುಣ್ಣದ್ದೇ ಆದ್ದರಿಂದ ಸಾದಾ ಎಕ್ಸ್‌ರೇಯಲ್ಲೂ ಎದ್ದು ಕಾಣಬಹುದು. ಒಂದು ಎಚ್ಚರಿಕೆ: ರಕ್ತದಲ್ಲಿ ಅಮೈಲೇಸ್, ಲೈಪೇಸ್ ಎಂಬ ಮೇದೋಜೀರಕದ ಕಿಣ್ವಗಳು ಸರಿಯಾಗಿವೆ ಎಂದು ಬಂದರೆ ಗ್ರಂಥಿ ಸರಿಯಿದೆ ಎಂದಾಗಲಿಲ್ಲ. ಹಳೆಯ ಕಾಯಿಲೆಯಲ್ಲಿ ಅವು ಹೆಚ್ಚಾಗಿ ಸಹಜವಾಗಿಯೇ ಇರುತ್ತವೆ. ಜೀರ್ಣರಸದ ಕೊರತೆ ತಿಳಿಯಲು ಮಲದಲ್ಲಿ ಎಲಾಸ್ಟೇಸ್ ಎಂಬ ಕಿಣ್ವವನ್ನು ಅಳೆಯುವ ಪರೀಕ್ಷೆ ಇದೆ. ಗ್ರಾಮಿಗೆ 200 ಮೈಕ್ರೋಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆಯ ಸಂಶಯ, 100ಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ.

ಸಿ-ಪೆಪ್ಟೈಡ್ ಎಂದು ಬರೆದರೆ ಹೆದರಬೇಡಿ. ಬೀಟಾ ಕಣ ಪ್ರತಿಯೊಂದು ಇನ್ಸುಲಿನ್ ಜೊತೆಗೂ ಒಂದು ಸಿ-ಪೆಪ್ಟೈಡ್ ತುಣುಕನ್ನು ಬಿಡುತ್ತದೆ. ಚುಚ್ಚುವ ಇನ್ಸುಲಿನ್ನಿನಲ್ಲಿ ಆ ತುಣುಕು ಇರುವುದಿಲ್ಲ. ಹಾಗಾಗಿ ಅದನ್ನು ಅಳೆದರೆ ನಿಮ್ಮ ಸ್ವಂತ ಗ್ರಂಥಿ ಇನ್ನೂ ಎಷ್ಟು ದುಡಿಯುತ್ತಿದೆ ಎಂದು ತಿಳಿಯುತ್ತದೆ.

ಮಲದಲ್ಲಿ ಎಣ್ಣೆ ಎಂದರೆ?

ಹೇಳಲು ಎಲ್ಲರೂ ನಾಚುತ್ತಾರೆ. ಲೈಪೇಸ್ ಇಲ್ಲದೆ ಕೊಬ್ಬು ಕರಗದು. ಮಲ ಮಾಸಲು ಬಣ್ಣದ್ದು, ಜಿಡ್ಡಿನದ್ದು, ವಿಪರೀತ ವಾಸನೆಯದ್ದು, ನೀರು ಹೊಯ್ದರೂ ಅಂಟಿಕೊಂಡಿರುತ್ತದೆ. ಗ್ರಂಥಿಯ ನೂರರಲ್ಲಿ ತೊಂಬತ್ತು ಪಾಲು ಸಾಮರ್ಥ್ಯ ಹೋದ ಮೇಲಷ್ಟೇ ಇದು ಕಾಣುತ್ತದೆ, ಅಂದರೆ ಇದು ತಡವಾಗಿ ಬರುವ ಕುರುಹು. ಎಣ್ಣೆ, ತೆಂಗಿನಕಾಯಿ ಕಡಿಮೆ ತಿನ್ನುವ ಬಡವರಲ್ಲಿ ಅದೂ ಕಾಣದೆ ಹೋಗಬಹುದು.

ಇದಕ್ಕೆ ಮದ್ದು?

ಸಕ್ಕರೆಗೆ ಹೆಚ್ಚಿನವರಿಗೆ ಇನ್ಸುಲಿನ್. ಶುರುವಿನಲ್ಲಿ ಕೆಲವರಿಗೆ ಮಾತ್ರೆ ಸಾಕಾಗಬಹುದು, ಯಾವುದು ಎಂಬುದನ್ನು ಮೇದೋಜೀರಕದ ಕಥೆ ಗೊತ್ತಿರುವ ವೈದ್ಯರೇ ಹೇಳಬೇಕು. ಕೊಬ್ಬಿನೊಂದಿಗೆ ಹೀರಲ್ಪಡುವ ಎ, ಡಿ, ಇ, ಕೆ ಜೀವಸತ್ವಗಳು ಕಡಿಮೆಯಾಗಿವೆಯೇ ಎಂದು ನೋಡಿಸಬೇಕು. ನೋವು ತಡೆಯದಿದ್ದರೆ ನಾಳದ ಕಲ್ಲು ತೆಗೆಯುವ ಎಂಡೋಸ್ಕೋಪಿ, ಹೊರಗಿನಿಂದ ತರಂಗ ಹಾಯಿಸಿ ಕಲ್ಲು ಪುಡಿಮಾಡುವ ವಿಧಾನ, ಶಸ್ತ್ರಚಿಕಿತ್ಸೆ ಇವೆ. ಅವು ನೋವಿಗೆ, ಹೋದ ಕಿರುದ್ವೀಪ ಮರಳಿ ಬರುವುದಿಲ್ಲ. ಬೀಡಿ, ಸಿಗರೇಟು, ಮದ್ಯ ಪೂರ್ತಿ ಬಿಡಬೇಕು.

ಜೀರ್ಣಕ್ಕೆ ಕಿಣ್ವದ ಕ್ಯಾಪ್ಸೂಲು. ಊಟದ ಮೊದಲ ತುತ್ತಿನ ಜೊತೆ, ದೊಡ್ಡ ಊಟವಾದರೆ ನಡುವೆಯೂ. ಖಾಲಿ ಹೊಟ್ಟೆಗೆ ನುಂಗಿದರೆ ವ್ಯರ್ಥ. ಇದನ್ನು ಶುರುಮಾಡಿದ ಮೇಲೆ ಊಟ ಮೈಗೆ ಹತ್ತುತ್ತದೆ, ಆಗ ಸಕ್ಕರೆ ಏರಬಹುದು, ಇನ್ಸುಲಿನ್ ಪ್ರಮಾಣ ಬದಲಿಸಬೇಕಾಗಬಹುದು. ಮದ್ದಿನಿಂದ ಶುಗರ್ ಹೆಚ್ಚಾಯಿತು ಎಂದು ಬಿಟ್ಟವರನ್ನು ಕಂಡಿದ್ದೇನೆ. ಬಿಡಬೇಡಿ, ವೈದ್ಯರಿಗೆ ಹೇಳಿ.

ಆ ಕ್ಯಾಪ್ಸೂಲು ಹಂದಿಯದ್ದು ಎನ್ನುತ್ತಾರೆ. ನಾವು ತೆಗೆದುಕೊಳ್ಳಬಹುದಾ?

ಹೌದು, ಹಂದಿಯ ಮೇದೋಜೀರಕದಿಂದ ತೆಗೆದ ಪ್ಯಾಂಕ್ರಿಯಾಟಿನ್ ಅದು. ಮುಚ್ಚಿಡುವುದು ಸರಿಯಲ್ಲ, ರೋಗಿಗೆ ತಿಳಿಯುವ ಹಕ್ಕಿದೆ. ಕುಂಬಳೆ ಸೀಮೆಯ ಹವ್ಯಕರ ಮನೆಯಲ್ಲೂ ಉಪ್ಪಳದ ಬ್ಯಾರಿಗಳ ಮನೆಯಲ್ಲೂ ಈ ಪ್ರಶ್ನೆಯನ್ನು ಒಂದೇ ಆತಂಕದಿಂದ ನನ್ನಲ್ಲಿ ಕೇಳಿದ್ದಾರೆ. ನಮ್ಮ ಮನೆ ಪುರೋಹಿತರು ಹೇಳಿದ್ದು, ಪ್ರಾಣ ಉಳಿಸುವ ಔಷಧಕ್ಕೆ ಆಹಾರದ ನಿಯಮ ಹಚ್ಚಬೇಡ ಎಂದು. ಮುಸ್ಲಿಂ ಗೆಳೆಯರೊಬ್ಬರು ತಮ್ಮ ಉಸ್ತಾದರನ್ನು ಕೇಳಿದಾಗ, ಬೇರೆ ಮದ್ದಿಲ್ಲದಾಗ ಅಡ್ಡಿಯಿಲ್ಲ ಎಂಬ ಉತ್ತರವೇ ಬಂತಂತೆ. ನಿಮ್ಮ ನಂಬಿಕೆಯ ಹಿರಿಯರನ್ನು ಕೇಳಿ ತೀರ್ಮಾನಿಸಿ, ಆದರೆ ಕೇಳುವುದನ್ನು ಮುಂದೂಡಬೇಡಿ. ಇನ್ಸುಲಿನ್ ವಿಷಯದಲ್ಲಿ ಈ ತೊಡಕಿಲ್ಲ. ಮೊದಲು ಅದೂ ದನ, ಹಂದಿಯಿಂದಲೇ ಬರುತ್ತಿತ್ತು. ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಮಾನವ ಇನ್ಸುಲಿನ್‌ಗೆ 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಈಗ ಬಳಸುವುದು ಆ ತರದ್ದೇ.

ಹಿತ್ತಿಲಿನ ‘ಇನ್ಸುಲಿನ್ ಗಿಡ’ದ ಎಲೆ ತಿಂದರೆ?

ಎಲೆಯಲ್ಲಿ ಇನ್ಸುಲಿನ್ ಇಲ್ಲ, ಹೆಸರು ಮಾತ್ರ. ಇದ್ದಿದ್ದರೂ ನುಂಗಿದ ಇನ್ಸುಲಿನ್ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗಿ ಹೋಗುತ್ತದೆ. 51 ಅಮೈನೋ ಆಮ್ಲಗಳ ಪ್ರೋಟೀನು ಅದು, ಅದಕ್ಕಾಗಿಯೇ ಚುಚ್ಚಬೇಕಾಗಿರುವುದು. ಹಾಗಲಕಾಯಿ ಗೊಜ್ಜು, ಮೆಂತೆ ಊಟಕ್ಕೆ ಒಳ್ಳೆಯದು. ಅವನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು ಬೇಡ.

ಕುಚ್ಚಲಕ್ಕಿ ತಿನ್ನಬಹುದಲ್ಲ? ತೆಂಗಿನ ಸಕ್ಕರೆ?

ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಮೇಲು, ಅಳತೆ ಮಾತ್ರ ಅದಕ್ಕೂ ಬೇಕು. ಗಂಜಿಯ ಜೊತೆ ಹೆಸರುಕಾಳಿನ ಪಲ್ಯ ಇರಲಿ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಕಲ್ಪರಸವನ್ನು, ಅಂದರೆ ತೆಂಗಿನ ಹೊಂಬಾಳೆಯಿಂದ ಇಳಿಸುವ ಹುಳಿಯದ ರಸವನ್ನು, ಜನಪ್ರಿಯಗೊಳಿಸಿದ ಮೇಲೆ ಅದರಿಂದ ಮಾಡುವ ತೆಂಗಿನ ಸಕ್ಕರೆಯ ಪ್ರಶ್ನೆ ಹೆಚ್ಚಾಗಿದೆ. ರೈತನಿಗೆ ಅದು ಒಳ್ಳೆಯ ಆದಾಯ, ನನಗೂ ತೆಂಗಿನ ತೋಟವಿದೆ. ಆದರೆ ಅದರ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ.

ಸಪೂರದ ಕಲ್ಲಿನ ಸಕ್ಕರೆಯವರಿಗೆ ಇನ್ನೊಂದು ಮಾತು. ದಪ್ಪಗಿರುವವರಿಗೆ ಬರೆದ ಪಥ್ಯದ ಚೀಟಿ ನಿಮಗಲ್ಲ. ನೀವು ಊಟ ಬಿಡಬಾರದು. ಪ್ರೋಟೀನು ಹೆಚ್ಚಿಸಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಅಣ್ಣನಿಗೆ ಎಲ್ಲರೂ ಅನ್ನ ಕಡಿಮೆ ಮಾಡು ಎಂದೇ ಹೇಳಿದರು. ಅವನಿಗೆ ಬೇಕಾಗಿದ್ದದ್ದು ಅನ್ನ, ಅದರ ಜೊತೆಗೆ ಇನ್ಸುಲಿನ್ ಮತ್ತು ಕಿಣ್ವ.

ಶುಗರ್ ಇಳಿದುಬಿಟ್ಟರೆ?

ಇದು ಕಲ್ಲಿನ ಸಕ್ಕರೆಯವರಿಗೆ ವಿಶೇಷ ಅಪಾಯ. ಸಕ್ಕರೆ ಕುಸಿದಾಗ ಎತ್ತಿ ಹಿಡಿಯಬೇಕಾದ ಗ್ಲುಕಗಾನ್ ಅವರಲ್ಲಿ ಕಡಿಮೆ. ಬೆವರು, ನಡುಕ, ಮಂಪರು, ಅರ್ಥವಿಲ್ಲದ ಸಿಟ್ಟು ಕಂಡರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಬಯಲಾಟಕ್ಕೆ ರಾತ್ರಿಯಿಡೀ ಕೂರುವವರು ಕಿಸೆಯಲ್ಲಿ ಬೆಲ್ಲದ ತುಂಡು ಇಟ್ಟುಕೊಳ್ಳಿ, ಪಕ್ಕದವರಿಗೆ ಹೇಳಿಡಿ.

ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ಸುಲಿನ್ ಹಾಳಾಗುತ್ತದಾ?

ಇನ್ನೂ ತೆರೆಯದ ಬಾಟಲು 2ರಿಂದ 8 ಡಿಗ್ರಿಯಲ್ಲಿರಬೇಕು, ಮಂಜುಗಟ್ಟಬಾರದು. ಬಳಸುತ್ತಿರುವುದನ್ನು ಬಿಸಿಲು ತಾಗದ ಕಡೆ ಹೊರಗೇ ಸುಮಾರು ನಾಲ್ಕು ವಾರ ಇಡಬಹುದು, ಅವಧಿ ಪೆಟ್ಟಿಗೆಯ ಮೇಲೆ ಇರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟರೆ ತಂಪಾಗಿರುತ್ತದೆ. ಒಂದು ತಿಂಗಳ ಮದ್ದು ಯಾವಾಗಲೂ ಕೈಯಲ್ಲಿರಲಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಮದ್ದನ್ನೇ ನಂಬಿದವರು ಪಟ್ಟ ಪಾಡು ನಮಗೆಲ್ಲ ನೆನಪಿದೆ.

‘ಟೈಪ್ 5’ ಅಂತ ಸುದ್ದಿಯಲ್ಲಿ ಬಂತು. ಇದೇನಾ?

ಹತ್ತಿರದ ನೆಂಟ, ಇದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಅಪೌಷ್ಟಿಕತೆಯ ಮಧುಮೇಹ ಎಂಬ ವರ್ಗ ಮಾಡಿ ಅದರಲ್ಲಿ ಎರಡು ಕವಲು ಇಟ್ಟಿತ್ತು, ಕಲ್ಲಿರುವುದು ಮತ್ತು ಕಲ್ಲಿಲ್ಲದ್ದು. 1999ರಲ್ಲಿ ಆ ವರ್ಗವನ್ನೇ ಕೈಬಿಟ್ಟಿತು. ಕಲ್ಲಿನ ಸಕ್ಕರೆ ಮೇದೋಜೀರಕದ ಕಾಯಿಲೆಗಳಿಂದ ಬರುವ ಮಧುಮೇಹದ ಪಟ್ಟಿಗೆ ಹೋಯಿತು, ಅಲ್ಲೇ ಇದೆ. ಕಲ್ಲಿಲ್ಲದ ಸಪೂರದವರ ಸಕ್ಕರೆಗೆ ಮನೆಯೇ ಇಲ್ಲದಂತಾಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧಕರೂ ಅಮೆರಿಕದವರೂ ಸೇರಿ, ಇವರಲ್ಲಿ ಇನ್ಸುಲಿನ್ ಸ್ರವಿಕೆಯೇ ಕಡಿಮೆ ಎಂದು 2022ರಲ್ಲಿ ತೋರಿಸಿದರು. 2025ರ ಏಪ್ರಿಲಿನಲ್ಲಿ ಬ್ಯಾಂಕಾಕಿನಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಅದಕ್ಕೆ ಟೈಪ್ 5 ಎಂದು ಹೆಸರಿಟ್ಟಿತು. ಬಡವರ ರೋಗ ಪಟ್ಟಿಯಿಂದ ಬಿಟ್ಟುಹೋದರೆ ಸಂಶೋಧನೆಯೂ ಬಿಟ್ಟುಹೋಗುತ್ತದೆ, ಆದ್ದರಿಂದ ನನಗೆ ಈ ಸುದ್ದಿ ಸಮಾಧಾನ ತಂದಿತು.

ಇದು ಕ್ಯಾನ್ಸರ್ ಆಗುತ್ತದಾ?

ಎಲ್ಲರಿಗೂ ಅಲ್ಲ. ಆದರೆ ಮೇದೋಜೀರಕದ ಕ್ಯಾನ್ಸರ್ ಇವರಲ್ಲಿ ಸಾಮಾನ್ಯರಿಗಿಂತ ಹೆಚ್ಚು. ಹಳೆಯ ನೋವಿನ ರೀತಿ ಬದಲಾದರೆ, ಕಾಮಾಲೆ ಬಂದರೆ, ಸಕ್ಕರೆ ಹತೋಟಿಯಲ್ಲಿದ್ದೂ ತೂಕ ಇಳಿದರೆ ಕಾಯಬೇಡಿ. ಕಣ್ಣು, ಮೂತ್ರಪಿಂಡ, ಕಾಲಿನ ನರ ಉಳಿದ ಸಕ್ಕರೆಯವರಂತೆಯೇ ಇಲ್ಲೂ ಕೆಡುತ್ತವೆ, ವರ್ಷಕ್ಕೊಮ್ಮೆ ನೋಡಿಸಿ.

ಡಾಕ್ಟರಿಗೆ ಕನ್ನಡ ಬರುವುದಿಲ್ಲ. ನನಗೆ ಮಲಯಾಳ ಅಷ್ಟಕ್ಕಷ್ಟೆ. ಹೇಗೆ ಹೇಳಲಿ?

ಇದನ್ನು ಕೇಳಿದ್ದು ಮುಳ್ಳೇರಿಯ ಕಡೆಯ ಒಬ್ಬ ತಾಯಿ. ಈ ಪುಟ ಬರೆಯಲು ಕೂತದ್ದು ಆ ದಿನ. ಈ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹೊಟ್ಟೆನೋವಿಗೆ ‘ವಯರುವೇದನ’. ತೂಕ ಇಳಿಯಿತು ಎನ್ನಲು ‘ತೂಕ್ಕಂ ಕುರಞ್ಞು’. ಮಲಕ್ಕೆ ‘ಮಲಂ’, ಎಣ್ಣೆಗೆ ‘ಎಣ್ಣ’. ಕಲ್ಲಿಗೆ ‘ಕಲ್ಲ್’, ಇದಂತೂ ನಮ್ಮದೇ ಮಾತು. ಮೊದಲ ಸಲ ನೋವು ಬಂದಾಗಿನ ವಯಸ್ಸು, ಸಕ್ಕರೆ ಗೊತ್ತಾದ ವಯಸ್ಸು, ಈಗಿನ ತೂಕ, ಮೂರನ್ನೂ ಅಂಕಿಯಲ್ಲಿ ಬರೆಯಿರಿ, ಅಂಕಿಗೆ ಭಾಷೆ ಬೇಡ. ಹಳೆಯ ಎಕ್ಸ್‌ರೇ ಇದ್ದರೆ ಮಡಚದೆ ತೆಗೆದುಕೊಂಡು ಹೋಗಿ. ಆ ತಾಯಿ ಚೀಟಿ ಹಿಡಿದು ಹೋದರು. ಹುಡುಗನಿಗೆ ಹದಿನಾಲ್ಕು ವರ್ಷ, ಹೊಟ್ಟೆನೋವು ಶುರುವಾಗಿ ಎರಡು ವರ್ಷ, ಸಕ್ಕರೆ ಇನ್ನೂ ಬಂದಿರಲಿಲ್ಲ. ಅದೇ ವಾರ ಸ್ಕ್ಯಾನಿಂಗ್ ಆಯಿತು.